ತಾಮ್ರದ ತಂತಿಯ ಏಳು ಸುತ್ತು

ನಗ್ ಎಲ್ ಸಾಕಿಯಾ
9 ಮಾರ್ಚ್ 1995

ಬಹಗತ್ ಮಾವನಿಗೆ ಸನಿಯ್ಯಾಳ ಸಲಾಮು.

ಐದು ವರ್ಷ, ಮಾವ. ರಿಫಾಯಿಗೆ ಐದು ವರ್ಷ ಕಠಿಣ ಸಜೆ. ನಿನ್ನೆ ಹನ್ನೊಂದು ಗಂಟೆಗೆ ನ್ಯಾಯಾಧೀಶರು ಓದಿದರು, ಹನ್ನೊಂದೂ ಐದಕ್ಕೆ ಮುಂದಿನ ಕೇಸು ಕರೆದರು. ಆರೋಪಿಗಳನ್ನು ನಿಲ್ಲಿಸುವ ಕಬ್ಬಿಣದ ಪಂಜರದೊಳಗೆ ನಿಂತಿದ್ದ ನನ್ನ ತಮ್ಮ, ಶಿಕ್ಷೆ ಬೇರೆ ಯಾರಿಗೋ ಆಯಿತೆಂದುಕೊಂಡು ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು.

ನಡೆದದ್ದನ್ನೆಲ್ಲ ಬರೆಯುತ್ತೇನೆ, ಏಕೆಂದರೆ ಕೋರ್ಟಿನಲ್ಲಿ ಯಾರೂ ಇದನ್ನು ನೆಟ್ಟಗೆ ಕೇಳಲಿಲ್ಲ. ಹೋದ ವರ್ಷ ಕಬ್ಬು ಕಡಿಯುವುದಕ್ಕೆ ಮುಂಚೆ ಠಾಣೆಗೆ ಹೊಸ ಸಾಹೇಬ ಬಂದ. ಮನೆಗೊಂದು ಬಂದೂಕು ತಂದೊಪ್ಪಿಸಬೇಕು ಎಂದ. ಇದ್ದವರು ಇದ್ದದ್ದು ಕೊಡಲಿ, ಇಲ್ಲದವರು ಏನು ಮಾಡಬೇಕು? ಅಪ್ಪ ಹೋಗಿ ಕೈಮುಗಿದ.

"ನಮ್ಮ ಮನ್ಯಾಗ ಬಂದೂಕ ಇಲ್ರೀ ಸಾಹೇಬ್ರ. ನಮ್ಮಪ್ಪನ ಕಾಲದಾಗೂ ಇದ್ದಿಲ್ಲ."

"ದಕ್ಷಿಣ ಸೀಮೆ ಸಯೀದಿ ಮನೇಲಿ ಬಂದೂಕಿಲ್ಲ ಅಂದ್ರೆ ನಂಬೋಕೆ ನಾನೇನು ನಿನ್ನೆ ಹುಟ್ಟಿದೋನಾ? ಗುರುವಾರ ಬಂದೂಕು ಬರ್ಬೇಕು. ಇಲ್ಲಾ, ಮಗನ್ನ ಕಳಿಸು, ಇಲ್ಲೇ ಇಟ್ಕೋತೀನಿ."

ಆಗ ಎಲ್ಲರೂ ಮಾಡುವುದನ್ನೇ ಅಪ್ಪನೂ ಮಾಡಿದ. ಗುಡ್ಡದ ಕಡೆಯಿಂದ ಬರುವ ಮಾರುವವನ ಹತ್ತಿರ, ಒಪ್ಪಿಸುವುದಕ್ಕೆಂದೇ ಒಂದು ನಾಡ ಬಂದೂಕು ಕೊಂಡ. ಗುರುವಾರ ಬೆಳಿಗ್ಗೆ ರಿಫಾಯಿ ಅದನ್ನು ಗೋಣಿಯಲ್ಲಿ ಸುತ್ತಿ ಕತ್ತೆಯ ಮೇಲೆ ಹೇರಿಕೊಂಡು ಠಾಣೆಗೆ ಹೊರಟ. ಕಾಲುವೆ ಸೇತುವೆಯ ಮೇಲೆ ಬೇರೆ ಕಡೆಯ ಗಸ್ತಿನವರು ತಡೆದರು. ಅವರು ಗೋಣಿ ಮುಟ್ಟುವ ಮೊದಲೇ ಈ ಹುಂಬ, "ಇದರಾಗ ಬಂದೂಕ ಐತ್ರೀ, ಠಾಣೇಕ ಒಪ್ಪಸಾಕ ಹೊಂಟೀನಿ" ಎಂದನಂತೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಕೋರ್ಟಿನಲ್ಲಿ ಸಾಹೇಬ, ತಾನು ಯಾರ ಹತ್ತಿರವೂ ಏನನ್ನೂ ಕೇಳಿಯೇ ಇಲ್ಲ ಎಂದ. ಕೇಳಿದ್ದಕ್ಕೆ ಕಾಗದ ಎಲ್ಲಿದೆ?

ಸೇತುವೆಯ ಮೇಲೆ ಹೆಂಗಸರನ್ನು ತಡಕುವುದಿಲ್ಲ. ಬುಟ್ಟಿಯಲ್ಲಿ ರೊಟ್ಟಿಯ ಕೆಳಗಿಟ್ಟುಕೊಂಡು ನಾನೇ ಹೋಗಿ ಬರುತ್ತೇನೆ ಎಂದು ಅಂಗಲಾಚಿದ್ದೆ. "ಗಂಡ್ಮಗ ಮನ್ಯಾಗಿರೂವಾಗ ಹೆಣ್ಮಗಳ ಕೈಯಾಗ ಬಂದೂಕ ಕೊಟ್ಟ ಕಳಸ್ಲೇನು?" ಎಂದು ಅಪ್ಪ ಗದರಿದ.

ನೀವು ಮೂವತ್ತೊಂದು ವರ್ಷ ಕೈರೋದ ಉಚ್ಚ ನ್ಯಾಯಾಲಯದಲ್ಲಿ ತೀರ್ಪುಗಳ ನಕಲು ಬರೆದವರು. ಈಗಲೂ ಉಸ್ತಾದ್ ಲಬೀಬ್ ವಕೀಲರ ಕಚೇರಿಯಲ್ಲಿ ಕೂರುತ್ತೀರಿ. ಅಮ್ಮ ಇದ್ದಿದ್ದರೆ ನಿಮ್ಮ ಕಾಲು ಹಿಡಿಯುತ್ತಿದ್ದಳು. ಅವಳ ಬದಲು ನಾನು ಹಿಡಿಯುತ್ತೇನೆ.

ಸನಿಯ್ಯಾ


ಕೈರೋ
21 ಮಾರ್ಚ್ 1995

ಮಗಳೇ ಸನಿಯ್ಯಾ,

ನಿನ್ನ ಕಾಗದ ಓದುವಾಗ ಅವರೆಕಾಳಿನ ತಟ್ಟೆ ಮುಂದಿತ್ತು. ತಣ್ಣಗಾಗಿ ಹೆಪ್ಪುಗಟ್ಟಿತು, ನಾನು ಮುಟ್ಟಲಿಲ್ಲ. ಐದು ವರ್ಷವೇ? ಆ ಹುಡುಗನಿಗೆ ಕೋಳಿ ಕೊಯ್ಯಲೂ ಕೈ ಬರುವುದಿಲ್ಲ.

ಮೊದಲು ಕೆಟ್ಟ ಸುದ್ದಿ. ಸೇತುವೆ, ಕತ್ತೆ, ಗುರುವಾರ, ಒಪ್ಪಿಸಲು ಹೊರಟಿದ್ದು, ಇವೆಲ್ಲ ಅಪ್ಪಟ ನಿಜ. ಆದರೆ ಯಾವುದೂ ಉಪಯೋಗಕ್ಕಿಲ್ಲ. ಉಸ್ತಾದರ ಮುಂದೆ ಹೇಳಿದರೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಹಗತ್, ನೀನೇ ಎಷ್ಟು ಸಲ ಬರೆದಿದ್ದೀಯ ಅದನ್ನ! ಬಂದೂಕು ಇಟ್ಕೊಂಡಿದ್ದು ಅಂದ್ರೆ ಇಟ್ಕೊಂಡಿದ್ದೇ. ಒಂದು ಗಳಿಗೆ ಆಗ್ಲಿ, ಒಂದು ವರ್ಷ ಆಗ್ಲಿ. ಯಾತಕ್ಕೆ ಅನ್ನೋದು ಬೇಕಾಗಿಲ್ಲ" ಎಂದರು. ನಿಜ. ಆ ಸಾಲು ನನ್ನ ಕೈಬರಹದಲ್ಲೇ ಇನ್ನೂರು ಸಲ ಇದೆ. ನನ್ನ ಅಕ್ಕನ ಮಗನ ಮೇಲೆ ಬಂದು ಬೀಳುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮೇಲಿನ ಕೋರ್ಟು ರಿಫಾಯಿಯ ಮುಖ ನೋಡುವುದಿಲ್ಲ, ಸಾಕ್ಷಿ ಕರೆಸುವುದಿಲ್ಲ. ಕೆಳಗಿನ ತೀರ್ಪಿನ ಕಾಗದವನ್ನು ಮಾತ್ರ ಓದುತ್ತದೆ, ಅದರಲ್ಲಿ ಕಾನೂನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತದೆ. ಹಾಗಾಗಿ ನಾನೂ ಹುಡುಕಿದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮೂರು ಸಲ ಓದಿದೆ. ಸಿಕ್ಕಿತು! ಬಂದೂಕನ್ನು ಯಾರೂ ಪರೀಕ್ಷೆ ಮಾಡಿಲ್ಲ. ಗೋಣಿ ಬಿಚ್ಚಿದರು, ನೋಡಿದರು, ಬಂದೂಕು ಎಂದು ಬರೆದರು, ಅಷ್ಟೇ.

ಉಚ್ಚ ನ್ಯಾಯಾಲಯ ಈ ಕಾನೂನನ್ನು ಓದುವ ರೀತಿಯೇ ಬೇರೆ. ಅದರ ಲೆಕ್ಕದಲ್ಲಿ ಬಂದೂಕು ಎಂದರೆ ಬಂದೂಕಿನ ಆಕಾರವಲ್ಲ, ಗುಂಡು ಹಾರಿಸುವ ಶಕ್ತಿ. ಹಾರಿಸಲಾಗದ್ದು ಕಬ್ಬಿಣದ ಕೋಲು. ಕೋಲು ಹಿಡಿದು ನಡೆದವನಿಗೆ ಸಜೆಯಿಲ್ಲ.

ಒಪ್ಪಿಸುವುದಕ್ಕೆ ಕೊಂಡದ್ದು ಎಂದು ಬರೆದಿದ್ದೀಯ. ಅಂಥವು ಸಾಮಾನ್ಯವಾಗಿ ಸತ್ತವೇ ಅಲ್ಲವೇ? ಅದು ಹಾರುತ್ತಿತ್ತೋ ಇಲ್ಲವೋ ಬರೆ. ಅಪೀಲಿಗೆ ಗಡುವಿದೆ, ತಡಮಾಡಬೇಡ.

ನಿನ್ನ ಮಾವ ಬಹಗತ್


ನಗ್ ಎಲ್ ಸಾಕಿಯಾ
2 ಏಪ್ರಿಲ್ 1995

ಮಾವನಿಗೆ,

ನಿಮ್ಮ ಕಾಗದ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ನನ್ನ ತಮ್ಮ ಅದನ್ನು ಯಾರನ್ನೋ ಕೊಲ್ಲಲು ಒಯ್ಯುತ್ತಿದ್ದರೂ ಒಂದೇ, ಸರ್ಕಾರದ ಕೈಗೆ ಕೊಡಲು ಒಯ್ಯುತ್ತಿದ್ದರೂ ಒಂದೇ? ನಾನು ಮೂರನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಹುಡುಗನ ಕೈಯಲ್ಲಿ ಕಲ್ಲು ಕಂಡರೆ "ಯಾತಕ್ಕೋ ಇದು?" ಎಂದು ಮೊದಲು ಕೇಳುತ್ತೇನೆ. ನಿಮ್ಮ ದೊಡ್ಡ ಕೋರ್ಟಿಗೆ ಅಷ್ಟೂ ಬೇಡವೇ?

ಇರಲಿ. ನೀವು ಕೇಳಿದ್ದಕ್ಕೆ ಉತ್ತರ. ಅಪ್ಪ ಕೊಂಡು ತಂದ ದಿನ ನಾನೇ ಕಣ್ಣಾರೆ ನೋಡಿದೆ. ಗುಂಡಿನ ಹಿಂಬದಿಗೆ ಬಡಿಯುವ ಮೊಳೆ ಇರಬೇಕಾದಲ್ಲಿ ಬರೀ ತೂತು ಇತ್ತು. "ಇದು ಸತ್ತೈತಿ ಹಾಜಿ, ಒಪ್ಪಸಾಕ ಇಂಥಾದ್ದೇ ಒಯ್ತಾರ" ಎಂದು ಮಾರುವವನೇ ಹೇಳಿದ್ದ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕುರಾನಿನ ಮೇಲೆ ಕೈಯಿಟ್ಟು ಹೇಳಬಲ್ಲೆ.

ಶನಿವಾರ ಜೈಲಿಗೆ ಹೋಗಿದ್ದೆ. ಬಿಸಿಲಿಗಿಟ್ಟು ಉಬ್ಬಿಸಿದ ರೊಟ್ಟಿ ಒಯ್ದಿದ್ದೆ. ಕಾವಲಿನವನು ಪ್ರತಿ ರೊಟ್ಟಿಯನ್ನೂ ಮುರಿದು ಒಳಗೆ ಬೆರಳಾಡಿಸಿದ. ರಿಫಾಯಿ ಬಂದವನೇ, "ಕತ್ತೆ ಮನೀಗೆ ಬಂತೇನಕ್ಕ?" ಎಂದು ಕೇಳಿದ. ತಾನೇ ಬಂತು ಎಂದೆ. "ನನಗಿಂತ ಅದಕ್ಕ ದಾರಿ ಚಲೋ ಗೊತ್ತೈತಿ" ಎಂದು ನಕ್ಕ. ತಲೆ ಬೋಳಿಸಿದ್ದಾರೆ.

ಅಪ್ಪ ಜೈಲಿನ ಬಾಗಿಲವರೆಗೆ ಬಂದ, ಒಳಗೆ ಬರಲಿಲ್ಲ.

ಸನಿಯ್ಯಾ


ಕೈರೋ
16 ಏಪ್ರಿಲ್ 1995

ಮಗಳೇ,

ಮೊಳೆಯಿಲ್ಲದ ತೂತು! ಇದಕ್ಕಿಂತ ಸೊಗಸಾದ ತೂತನ್ನು ನಾನು ಕಾನೂನಿನಲ್ಲಿ ಕಂಡಿಲ್ಲ. ಉಸ್ತಾದರು ಕೂಡಲೇ ಅಪೀಲು ಬರೆಸಿದರು. ಶುದ್ಧ ಪ್ರತಿ ನಾನೇ ಮಾಡಿದೆ, ಬೇರೆಯವರ ಕೈಗೆ ಕೊಡಲಿಲ್ಲ. ನಿನ್ನೆ ಸಲ್ಲಿಸಿದ್ದಾಯಿತು. ಇನ್ನು ಕಾಯಬೇಕು. ಅಲ್ಲಿ ಕಡತಗಳು ಕಾಲಿಲ್ಲದವರ ಹಾಗೆ ನಡೆಯುತ್ತವೆ.

ನಿಮ್ಮಪ್ಪ ಮಗನ ಮುಖವನ್ನೂ ನೋಡಲಿಲ್ಲ ಎಂದೆಯಲ್ಲ, ನನಗೆ ಆಶ್ಚರ್ಯವಾಗಲಿಲ್ಲ. ಅಕ್ಕನ ಮದುವೆಯ ದಿನವೇ ಹೇಳಿದ್ದೆ, ಕಲ್ಲೆದೆಯ ಮನುಷ್ಯ ಎಂದು.

ಬಹಗತ್


ನಗ್ ಎಲ್ ಸಾಕಿಯಾ
30 ನವೆಂಬರ್ 1995

ಮಾವನಿಗೆ,

ಏಳು ತಿಂಗಳಾಯಿತು. ರಿಫಾಯಿ ಜೈಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನಂತೆ, "ನಂದು ಬಂದೂಕಲ್ಲ, ಕೋಲು. ಕೈರೋದಾಗ ದೊಡ್ಡ ಕೋರ್ಟ ಹೇಳ್ತೈತಿ ನೋಡ್ರಿ" ಎಂದು. ಅವನಿಗೆ ಕೋಲು ರಿಫಾಯಿ ಎಂದೇ ಹೆಸರು ಬಿದ್ದಿದೆ. ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದ್ದಾನೆ. ಕೊಲೆ ಮಾಡಿದವರ ನಡುವೆ ಮಲಗುತ್ತಾನೆ, ಬೆಳಿಗ್ಗೆ ಎದ್ದು ತಾನು ತಪ್ಪು ಮಾಡಿಲ್ಲ ಎಂದುಕೊಳ್ಳುತ್ತಾನೆ.

ಅಪ್ಪ ಈಗಲೂ ಒಳಗೆ ಬರುವುದಿಲ್ಲ. ನೀವು ಅವನನ್ನು ಕಲ್ಲೆದೆ ಎನ್ನಬೇಡಿ.

ಮಾವ, ಬಂದೂಕು ಹಾರುವುದಿಲ್ಲ ಎಂಬ ಆ ಒಂದು ಮಾತು ಬಿಟ್ಟು ಬೇರೆ ಯಾವ ದಾರಿಯೂ ಇಲ್ಲವೇ? ಸುಮ್ಮನೆ ಕೇಳಿದೆ.

ಸನಿಯ್ಯಾ


ಕೈರೋ
18 ಜೂನ್ 1996

ಸನಿಯ್ಯಾ! ಮಗಳೇ! ಗೆದ್ದೆವು!

ಇಂದು ಬೆಳಿಗ್ಗೆ ಉಚ್ಚ ನ್ಯಾಯಾಲಯ ರಿಫಾಯಿಯ ಶಿಕ್ಷೆಯನ್ನು ರದ್ದು ಮಾಡಿತು. ನಾನು ನನ್ನ ಹಳೆಯ ಜಾಗದಲ್ಲಿ, ನಕಲುಗಾರರ ಬೆಂಚಿನ ಹಿಂದೆ ನಿಂತಿದ್ದೆ. ಓದುತ್ತಿದ್ದ ಹಾಗೆ ನೆನಪಿನಲ್ಲಿ ಇಳಿಸಿಕೊಂಡೆ. ಕೇಳು:

"ಶಾಸನವು ಆಯುಧವನ್ನು ದಂಡಿಸುವುದು ಅದರಿಂದಾಗಬಹುದಾದ ಅಪಾಯಕ್ಕಾಗಿ. ಗುಂಡು ಹಾರಿಸಲಾರದ ವಸ್ತುವಿನಿಂದ ಆ ಅಪಾಯವಿಲ್ಲ. ಬಂದೂಕು ಕೆಲಸ ಮಾಡುತ್ತದೆಯೇ ಎಂಬುದನ್ನು ತಜ್ಞರಿಂದ ಪರೀಕ್ಷಿಸದೆ ಶಿಕ್ಷೆ ವಿಧಿಸಿದ ತೀರ್ಪು ದೋಷಪೂರಿತ."

ಎಂಥ ಮಾತು! ಮೂವತ್ತೊಂದು ವರ್ಷ ಇಂಥ ಸಾಲುಗಳನ್ನು ಬರೆದೆ, ಒಂದರಿಂದಲೂ ನಮ್ಮ ಮನೆಗೆ ಬೆಳಕು ಬಂದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಉಸ್ತಾದರು ನೋಡಿ, "ಏನ್ರೀ ಬಹಗತ್ ಎಫೆಂದಿ, ಸೋತವರ ಥರ ಕೂತಿದೀರಲ್ಲ!" ಎಂದು ಬೈದರು.

ಕೇಸು ಮತ್ತೆ ನಿಮ್ಮ ಕಡೆಯ ಕೋರ್ಟಿಗೆ, ಬೇರೆ ನ್ಯಾಯಾಧೀಶರ ಮುಂದೆ ಬರುತ್ತದೆ. ಈ ಸಲ ತಜ್ಞರು ಬಂದೂಕು ಪರೀಕ್ಷಿಸಲೇಬೇಕು. ಪರೀಕ್ಷಿಸಲಿ! ಸತ್ತ ಬಂದೂಕಿನಿಂದ ಅವರೇನು ತೋಪು ಹಾರಿಸುತ್ತಾರೆಯೇ? ಟಕ್ ಅನ್ನುತ್ತದೆ, ನನ್ನ ಅಳಿಯ ಮನೆಗೆ ಬರುತ್ತಾನೆ. ಊರಿಗೆಲ್ಲ ಶರಬತ್ತು ಹಂಚು. ನಿಮ್ಮಪ್ಪನಿಗೂ ಒಂದು ಲೋಟ ಕೊಡು, ಆ ಮುಖ ಸ್ವಲ್ಪ ಸಡಿಲವಾಗಲಿ.

ಬಹಗತ್


ಕೈರೋ
22 ಜುಲೈ 1996

ಸನಿಯ್ಯಾ,

ಒಂದು ತಿಂಗಳು ದಾಟಿತು, ನಿನ್ನಿಂದ ಒಂದು ಸಾಲಿಲ್ಲ. ಗೆದ್ದ ಮೇಲೆ ಮಾವನ ನೆನಪು ಯಾಕೆ ಬೇಕು ಹೇಳು! ಶಾಲೆಗೆ ರಜೆ ಬೇರೆ. ಮರುವಿಚಾರಣೆಯ ದಿನ ಗೊತ್ತಾಯಿತಂತೆ, ಅಕ್ಟೋಬರ್ ಹದಿನೈದು. ಒಂದು ಸಾಲು ಬರೆಯುವಷ್ಟಾದರೂ ಪುರುಸೊತ್ತು ಮಾಡಿಕೋ, ಮಹಾರಾಣಿ.

ಬಹಗತ್


ನಗ್ ಎಲ್ ಸಾಕಿಯಾ
29 ಜುಲೈ 1996

ಮಾವ,

ಶರಬತ್ತು ಹಂಚಲಿಲ್ಲ. ನಿಮ್ಮ ಕಾಗದ ಓದಿ ಹೇಳಿದಾಗ ಅಪ್ಪ ಗೋಡೆ ಹಿಡಿದುಕೊಂಡು ಕುಳಿತುಬಿಟ್ಟ.

ಬಂದೂಕು ಹಾರುತ್ತದೆ, ಮಾವ.

ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಕೊಂಡು ತಂದ ದಿನ ಅದು ಸತ್ತೇ ಇತ್ತು. ಆದರೆ ಆ ಗುರುವಾರಕ್ಕೆ ಮೂರು ದಿನ ಮೊದಲು ಪಕ್ಕದ ಮನೆಯ ಹಂದಾವೀ ತನ್ನ ಬಂದೂಕು ಒಪ್ಪಿಸಲು ಹೋಗಿದ್ದ. ಅಪ್ಪನೂ ಜೊತೆಗಿದ್ದ. ಸಾಹೇಬ ಠಾಣೆಯ ಅಂಗಳದಲ್ಲಿ ಅದಕ್ಕೆ ಗುಂಡು ತುಂಬಿ ಆಕಾಶಕ್ಕೆ ಹಿಡಿದು ಬೆರಳಿನಿಂದ ಕುದುರೆ ಎಳೆದ. ಟಕ್ ಎಂದಿತು. "ಸರ್ಕಾರಕ್ಕೇ ಟೋಪಿ ಹಾಕ್ತೀಯೇನೋ?" ಎಂದು ಬಂದೂಕನ್ನು ಹಂದಾವೀಯ ಕಾಲ ಮೇಲೆಸೆದು, ಎಲ್ಲರೆದುರು, ಅವನ ಇಬ್ಬರು ಮಕ್ಕಳೆದುರು, ಕಪಾಳಕ್ಕೆ ಹೊಡೆದ. ರುಮಾಲು ಬಿದ್ದುಹೋಯಿತು. ಹಂದಾವೀ ಹದಿನೈದು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅರವತ್ತು ವರ್ಷದ ಮನುಷ್ಯ ಮಾವ, ಊರಿನ ಜಗಳಗಳಿಗೆ ನ್ಯಾಯ ಹೇಳುತ್ತಿದ್ದವನು.

ಅವತ್ತು ಸಂಜೆ ಅಪ್ಪ ನಮ್ಮ ಬಂದೂಕನ್ನು ಬಖೀತನ ಕುಲುಮೆಗೆ ಒಯ್ದ. ಅಮ್ಮ ನೂಲುತ್ತಿದ್ದ ಉಕ್ಕಿನ ಕದಿರನ್ನು ಕೊಟ್ಟು, ಅರದಿಂದ ಉಜ್ಜಿಸಿ ಮೊಳೆ ಮಾಡಿಸಿದ. "ನನ್ನ ಮಗನ ಕಪಾಳಕ್ಕ ಮಂದೀ ಕೈ ಬಿತ್ತಂದ್ರ ನಾ ಬದುಕಿ ಏನ ಮಾಡ್ಲಿ?" ಎಂದ. ಮರದ ಹಿಡಿ ಬಿರುಕು ಬಿಟ್ಟಿತ್ತು. ಅದಕ್ಕೆ ಕೆಟ್ಟ ರೇಡಿಯೋದ ತಾಮ್ರದ ತಂತಿಯನ್ನು ನಾನೇ ಬಿಗಿದೆ. ಏಳು ಸುತ್ತು ಸುತ್ತಿ, ಗೋಧಿ ಚೀಲದ ಬಾಯಿಗೆ ಹಾಕುವ ಗಂಟು ಹಾಕಿದೆ. ಬುಧವಾರ ಇಟ್ಟಿಗೆ ಭಟ್ಟಿಯ ಹಿಂದೆ ಅಪ್ಪ ಒಂದೇ ಒಂದು ಗುಂಡು ಹಾರಿಸಿ ನೋಡಿದ. ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಅಪ್ಪ ನನ್ನ ಕಡೆ ನೋಡಿ ನಕ್ಕ. ಅಷ್ಟು ಸಮಾಧಾನವಾಗಿತ್ತು ಅವನಿಗೆ.

ರಿಫಾಯಿ ಆಗ ಕಬ್ಬಿನ ಗದ್ದೆಯಲ್ಲಿದ್ದ, ಅವನಿಗೆ ಏನೂ ಗೊತ್ತಿಲ್ಲ. ಗೋಣಿಯಲ್ಲಿ ಸುತ್ತಿ ಕೊಟ್ಟದ್ದನ್ನು ಹಾಗೇ ಒಯ್ದ.

ಒಂದು ಏಟು ತಪ್ಪಿಸಲು ಹೋಗಿ ಐದು ವರ್ಷ ತಂದಿಟ್ಟೆವು. ಸತ್ತದ್ದನ್ನು ಒಯ್ದಿದ್ದರೆ ನಿಮ್ಮ ಕೋರ್ಟು ಬಿಡುತ್ತಿತ್ತು. ನಿಮ್ಮ ಕೋರ್ಟು ಬಂದೂಕನ್ನು ಎಲ್ಲ ಕೇಳುತ್ತದೆ, ನೀನು ಹಾರುತ್ತೀಯಾ, ನಿನಗೆ ಮೊಳೆಯಿದೆಯಾ ಎಂದು. ನನ್ನ ತಮ್ಮನನ್ನು ಮಾತ್ರ ಎಲ್ಲಿಗೆ ಹೊರಟಿದ್ದೆಯಪ್ಪಾ ಎಂದು ಕೇಳುವುದಿಲ್ಲ.

ನಿಮಗೆ ಮೊದಲೇ ಹೇಳಬೇಕಿತ್ತು. ಹೆದರಿದೆ. ಈಗ ಅಕ್ಟೋಬರಿಗೆ ದಿನ ಎಣಿಸುತ್ತಿದ್ದೇನೆ.

ಸನಿಯ್ಯಾ


ಕೈರೋ
7 ಆಗಸ್ಟ್ 1996

ಸನಿಯ್ಯಾ,

ನನ್ನ ಅಕ್ಷರ ನೋಡು, ಹೇಗೆ ಸೊಟ್ಟಗಾಗಿದೆ. ಇಂಥ ಅಕ್ಷರ ಬರೆದಿದ್ದರೆ ಮೊದಲ ವಾರವೇ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಮೊದಲು ನಿಮ್ಮಪ್ಪನನ್ನು ಬೈದೆ, ಗಟ್ಟಿಯಾಗಿಯೇ ಬೈದೆ, ಕೆಳಗಿನ ಮನೆಯವರು ಬಂದು ಏನಾಯಿತೆಂದು ಕೇಳಿದರು. ಆಮೇಲೆ ನಿನ್ನನ್ನು ಬೈದೆ. ಬೈಗುಳವೆಲ್ಲ ಮುಗಿದ ಮೇಲೆ ಕಪಾಟಿನಿಂದ ನಿನ್ನ ಹಳೆಯ ಕಾಗದ ತೆಗೆದೆ, ಹೋದ ವರ್ಷ ಏಪ್ರಿಲಿನದು. ಅದರಲ್ಲಿ "ಅಪ್ಪ ಕೊಂಡು ತಂದ ದಿನ" ಎಂದು ನೀನು ಬರೆದಿದ್ದೆ. ರಿಫಾಯಿಯನ್ನು ಹಿಡಿದ ದಿನದ ಮಾತು ಅದರಲ್ಲಿ ಇಲ್ಲ. ನಾನು ಕೇಳಿದ್ದು ಒಂದು, ನೀನು ಹೇಳಿದ್ದು ಒಂದು.

ಈಗ ನನ್ನ ತಪ್ಪೊಪ್ಪಿಗೆ. ಆ ಸಾಲನ್ನು ನಾನು ಆವತ್ತೇ ಗಮನಿಸಿದ್ದೆ. ಗಮನಿಸದೆ ಇರುತ್ತೇನೆಯೇ, ಅದೇ ನನ್ನ ಕೆಲಸವಾಗಿತ್ತು. ಪೆನ್ನು ತೆಗೆದು "ಹಿಡಿದ ದಿನ ಹೇಗಿತ್ತು?" ಎಂದು ಬರೆಯಲು ಹೊರಟೆ. ಬರೆದರೆ ನೀನು ನಿಜ ಹೇಳುತ್ತೀಯ ಎಂದು ಭಯವಾಯಿತು. ಪೆನ್ನು ಮುಚ್ಚಿಟ್ಟೆ. ಉಸ್ತಾದರಿಗೆ ಆ ತೂತಿನ ಭಾಗವನ್ನಷ್ಟೇ ಓದಿ ಹೇಳಿದೆ. ನೀನು ನವೆಂಬರಿನಲ್ಲಿ ಬೇರೆ ದಾರಿ ಇಲ್ಲವೇ ಎಂದು ಕೇಳಿದಾಗಲೂ ಕಿವುಡನಾದೆ. ಕಲ್ಲೆದೆ ಎಂದು ನಿಮ್ಮಪ್ಪನನ್ನು ಕರೆದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಅವನಿಗೆ ಹೇಳು.

ಒಂದೇ ಸಮಾಧಾನ. ತಾನೇ ಹಾಕಿದ ಅಪೀಲಿನಿಂದ ಆರೋಪಿಗೆ ಹೆಚ್ಚು ಕೆಡುಕಾಗಬಾರದು ಎಂಬ ನಿಯಮವಿದೆ. ಐದು ಐದಾಗಿಯೇ ಇರುತ್ತದೆ, ಏರುವುದಿಲ್ಲ. ರಿಫಾಯಿಗೆ ಈಗಲೇ ಹೇಳಬೇಡ. ಅಕ್ಟೋಬರಿನವರೆಗಾದರೂ ಕೋಲು ಹಿಡಿದುಕೊಂಡಿರಲಿ.

ಬಹಗತ್


ನಗ್ ಎಲ್ ಸಾಕಿಯಾ
17 ಅಕ್ಟೋಬರ್ 1996

ಮಾವ,

ರಿಫಾಯಿ ಮನೆಯಲ್ಲಿದ್ದಾನೆ. ಇದನ್ನು ಬರೆಯುತ್ತಿರುವಾಗ ಅಂಗಳದಲ್ಲಿ ಕತ್ತೆಯ ಕುತ್ತಿಗೆ ತುರಿಸುತ್ತ ನಿಂತಿದ್ದಾನೆ. ನನಗೆ ಇನ್ನೂ ನಂಬಿಕೆ ಬಂದಿಲ್ಲ.

ಮೊನ್ನೆ ಕೋರ್ಟಿನಲ್ಲಿ ತಜ್ಞರ ವರದಿ ಓದಿದರು. ಗುಂಡು ಹಾಕಿ ಮೂರು ಸಲ ಕುದುರೆ ಎಳೆದರಂತೆ, ಮೂರು ಸಲವೂ ಹಾರಲಿಲ್ಲವಂತೆ. ಒಳಗೆ ಮೊಳೆಯೇ ಇಲ್ಲವಂತೆ. ಅಮ್ಮನ ಕದಿರು ಎಲ್ಲಿ ಹೋಯಿತು? ಆಗ ಮೇಜಿನ ಮೇಲೆ ಇಟ್ಟಿದ್ದ ಬಂದೂಕು ಕಂಡಿತು.

ಅದು ನಮ್ಮದಲ್ಲ, ಮಾವ. ಹಿಡಿಯ ಮರ ಕರ್ರಗಿತ್ತು, ಬಿರುಕೇ ಇರಲಿಲ್ಲ. ತಂತಿಯೂ ಇಲ್ಲ, ಗಂಟೂ ಇಲ್ಲ. ನಾಡ ಬಂದೂಕಿಗೆ ನಂಬರು ಎಲ್ಲಿಂದ ಬರಬೇಕು? ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಮಾತ್ರ ರಿಫಾಯಿಯ ಹೆಸರಿತ್ತು. ಅಪ್ಪ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬಳೆ ಒಡೆಯಿತು.

ಪಂಜರದೊಳಗಿಂದ ರಿಫಾಯಿ ಎರಡೂ ಕೈ ಎತ್ತಿ, "ಹೇಳಿದ್ನಿಲ್ಲೋ, ಕೋಲು ಅಂತ!" ಎಂದು ಕೂಗಿದ. ನ್ಯಾಯಾಧೀಶರೂ ನಕ್ಕರು. ಬಿಡುಗಡೆ ಎಂದರು. ನಮ್ಮ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ನಾನೂ ಹಾಕಿದೆ, ಎಲ್ಲರಿಗಿಂತ ಗಟ್ಟಿಯಾಗಿ.

ಎರಡು ವರ್ಷ ಅವನನ್ನು ಒಳಗಿಟ್ಟದ್ದು ಒಂದು ಬಂದೂಕು, ಬಿಡಿಸಿದ್ದು ಇನ್ನೊಂದು. ನಮ್ಮದು ಎಲ್ಲಿ ಹೋಯಿತು, ಮಾವ?

ಸನಿಯ್ಯಾ


ಕೈರೋ
27 ಅಕ್ಟೋಬರ್ 1996

ಮಗಳೇ,

ಕೇಳಬೇಡ. ಆ ಪ್ರಶ್ನೆಯನ್ನು ನುಂಗಿಬಿಡು. ಉಗ್ರಾಣದಲ್ಲಿ ಚೀಟಿ ಅದಲುಬದಲಾಗಿರಬೇಕು, ಅಷ್ಟೇ. ನೂರಾರು ಬಂದೂಕು ರಾಶಿ ಬಿದ್ದ ಕಡೆ ಅಂಥದ್ದು ಆಗುತ್ತದೆ. ದೇವರ ದಯೆ ಎಂದುಕೋ.

ಇಂದು ಕೋರ್ಟಿನ ಹಳೆಯ ಗೆಳೆಯನೊಬ್ಬ ಬಂದಿದ್ದ. ನಮ್ಮ ತೀರ್ಪನ್ನು ಈ ವರ್ಷದ ಸಂಪುಟದಲ್ಲಿ ಅಚ್ಚು ಹಾಕುತ್ತಾರಂತೆ. ಇನ್ನು ಮುಂದೆ ವಕೀಲರು ಅದನ್ನು ಎತ್ತಿ ತೋರಿಸುತ್ತಾರೆ, ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಮೊದಲಾಗಿದ್ದರೆ ಕುಣಿಯುತ್ತಿದ್ದೆ. ನಗುನಗುತ್ತಲೇ ಚಹಾ ಕೊಟ್ಟು ಕಳಿಸಿದೆ. ಅವನು ಹೋದ ಮೇಲೆ ಆ ತೀರ್ಪನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ಒಂದು ಸಾಲೂ ತಪ್ಪಿಲ್ಲ. ಆದರೆ ಹೇಳಿದ್ದು ಯಾವ ಬಂದೂಕಿನ ಬಗ್ಗೆ?

ಬಹಗತ್


ನಗ್ ಎಲ್ ಸಾಕಿಯಾ
20 ಮೇ 1997

ಮಾವನಿಗೆ ಸನಿಯ್ಯಾಳ ಸಲಾಮು.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಓದಿ ಮುಗಿಯುವವರೆಗೆ ಬಿಚ್ಚಬೇಡಿ.

ಠಾಣೆಗೆ ಮತ್ತೆ ಹೊಸ ಸಾಹೇಬ ಬಂದಿದ್ದಾನೆ. ಮನೆಗೊಂದು ಬಂದೂಕು ಎಂದಿದ್ದಾನೆ. ಹೋದ ಶುಕ್ರವಾರ ಬಂದೂಕು ಮಾರುವ ಆ ಗುಡ್ಡದವನು ಗೋಣಿ ಹೊತ್ತು ನಮ್ಮ ಬಾಗಿಲಿಗೇ ಬಂದ. ರಿಫಾಯಿ ಗದ್ದೆಯಲ್ಲಿದ್ದ.

"ಹಾಜಿ, ಈ ಸಲ ಸತ್ತ ಮಾಲು ತಂದಿಲ್ಲ. ಹಾರತೈತಿ. ಹೋದ ವರ್ಷದಿಂದ ಮೂರ ಮನಿಯವರು ಇದನ್ನ ಒಪ್ಪಿಸ್ಯಾರ, ಒಬ್ಬರ ಕಪಾಳಕ್ಕೂ ಏಟ ಬಿದ್ದಿಲ್ಲ."

"ಒಪ್ಪಿಸಿದ್ದು ಮತ್ತ ನಿನ್ನ ಕೈಯಾಗ ಹ್ಯಾಂಗ ಬಂತಲೇ?" ಎಂದ ಅಪ್ಪ.

"ನಿಮಗ್ಯಾಕ ಬೇಕ್ರಿ ಆ ಉಸಾಬರಿ? ಸತ್ತದ್ದು ಒಂದ ಸರ್ಕಾರಿ ಉಗ್ರಾಣದೊಳಗ ಹೋಗತೈತಿ, ಬದುಕಿದ್ದು ಒಂದ ಹೊರಗ ಬರತೈತಿ. ನಾನೂ ಉಣಬೇಕು, ಒಳಗಿದ್ದವರೂ ಉಣಬೇಕು."

ಗೋಣಿ ಬಿಚ್ಚಿದ. ಬಿರುಕು ಬಿಟ್ಟ ಹಿಡಿ, ಅದರ ಮೇಲೆ ತಾಮ್ರದ ತಂತಿ, ಏಳು ಸುತ್ತು. ಗಂಟು ನನ್ನದೇ. ಸ್ವಲ್ಪವೂ ಸಡಿಲವಾಗಿರಲಿಲ್ಲ. ಅಪ್ಪ ಧೂಳಿನಲ್ಲೇ ಕುಳಿತುಬಿಟ್ಟ. ನನ್ನ ತಮ್ಮ ಎರಡು ವರ್ಷ ಕೊಳೆತದ್ದು ಈ ಬಂದೂಕಿಗಾಗಿ. ಅವನು ಒಳಗಿರುವಾಗಲೇ ಇದು ಮನೆಯಿಂದ ಮನೆಗೆ ನೆಂಟರ ಹಾಗೆ ತಿರುಗಾಡಿಕೊಂಡಿತ್ತು! ಕೊನೆಗೆ ಅಪ್ಪ ಎದ್ದು ಕೊಂಡ. ಕೊಳ್ಳದೆ ಏನು ಮಾಡಲಿಕ್ಕಾಗುತ್ತದೆ?

ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಹಿಡಿ, ನಳಿಗೆ ಬೇರೆ ಬೇರೆ ಮಾಡಿ ಬುಟ್ಟಿಯಲ್ಲಿಟ್ಟು ಮೇಲೆ ರೊಟ್ಟಿ ಜೋಡಿಸಿದೆ. ಅಪ್ಪ ತಡೆಯಲಿಲ್ಲ. ರಿಫಾಯಿಗೆ ಬಂದೂಕು ಒಯ್ಯುತ್ತಿದ್ದೇನೆ ಎಂದಷ್ಟೇ ಹೇಳಿದೆ, ಯಾವುದು ಎಂದು ಹೇಳಲಿಲ್ಲ. ಜೈಲಿನಿಂದ ಬಂದ ಮೇಲೆ ಆ ಸೇತುವೆಯ ಮೇಲೆ ಕಾಲಿಡದವನು, ಗದ್ದೆ ಬಳಸಿಕೊಂಡು ಹೋಗುವವನು, "ನಾನೂ ಬರ್ತೀನಿ ನಡಿ" ಎಂದ.

ಸೇತುವೆಯ ಮೇಲೆ ಗಸ್ತಿನವರು ಅವನ ರುಮಾಲು ಬಿಚ್ಚಿಸಿ ನೋಡಿದರು, ಚಪ್ಪಲಿ ಬಿಚ್ಚಿಸಿದರು. ನನ್ನನ್ನು, "ಬುಟ್ಟಿಯಾಗ ಏನೈತಿ ಅಕ್ಕಾ?" ಎಂದು ಕೇಳಿದರು. ರೊಟ್ಟಿ ಎಂದೆ. ಒಂದು ತೆಗೆದುಕೊಂಡು ಬಿಟ್ಟರು.

ರಿಫಾಯಿ ಠಾಣೆಯ ಹೊರಗೆ ಬೋರೆ ಮರದ ಕೆಳಗೆ ಕುಳಿತ. ಒಳಗೆ ನಾನೇ ಎರಡು ತುಂಡು ಜೋಡಿಸಿ ಕೊಟ್ಟೆ. ಸಾಹೇಬ ಗುಂಡು ತುಂಬಿ, ಆಕಾಶಕ್ಕೆ ಹಿಡಿದು, ಕುದುರೆ ಎಳೆದ. ಅಂಗಳವೆಲ್ಲ ಅದುರಿತು.

"ಭೇಷ್! ಇಂಥದ್ದು ತರ್ಬೇಕು ನೋಡಿ. ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ ಇದನ್ನ?"

"ಮುಚ್ಚಿಟ್ಟಿದ್ದಿಲ್ರೀ ಸಾಹೇಬ್ರ. ಭಾಳ ದಿನದಿಂದ ನಮ್ಮದೇ."

ರಸೀದಿ ಬೇಕು ಎಂದೆ. ಹಿಂದೆ ಯಾರೂ ಕೇಳಿರಲಿಲ್ಲವಂತೆ, ಪೇದೆಗಳು ಮುಸಿಮುಸಿ ನಕ್ಕರು. ಸಾಹೇಬ ಖುಷಿಯಲ್ಲಿದ್ದ, ಬರೆದು ಮುದ್ರೆ ಒತ್ತಿ ಕೊಟ್ಟ. ನಿಮಗೆ ಕಳಿಸಿರುವ ಚೀಟಿ ಅದೇ. "ಹಾರುವ ಸ್ಥಿತಿಯಲ್ಲಿರುವ ನಾಡ ಬಂದೂಕು ಒಂದು, ಹಿಡಿಗೆ ತಾಮ್ರದ ತಂತಿ ಸುತ್ತಿದೆ, ಸ್ವಂತ ಇಚ್ಛೆಯಿಂದ ಒಪ್ಪಿಸಲಾಗಿದೆ." ಆ ಸಂಪುಟ ಅಚ್ಚಾಗಿ ಬಂದರೆ, ಮಾವ, ನಮ್ಮ ತೀರ್ಪಿನ ಪುಟದಲ್ಲಿ ಇದನ್ನು ಇಟ್ಟುಕೊಳ್ಳಿ.

ಹೊರಗೆ ಬಂದಾಗ ರಿಫಾಯಿ ಎದ್ದು ನಿಂತಿದ್ದ.

"ಯಾರ ಬಂದೂಕ ಹಾರಿದ್ದು, ಅಕ್ಕ?"

"ನಮ್ಮದು."

"ನಮ್ಮದಂದ್ರ?"

ಇನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ. ನಡೆಯುತ್ತ ಎಲ್ಲ ಹೇಳಿದೆ, ಹಂದಾವೀಗೆ ಬಿದ್ದ ಏಟು, ಅಮ್ಮನ ಕದಿರು, ಇಟ್ಟಿಗೆ ಭಟ್ಟಿ, ಪಾರಿವಾಳ. ಸೇತುವೆಯ ನಡುವೆ ನಿಂತುಬಿಟ್ಟ.

"ಅಂದ್ರ ಅವತ್ತೂ ಹಾರತಿತ್ತು."

"ಹೂಂ."

"ಎರಡ ವರ್ಷ ಅಕ್ಕ. ಎಲ್ಲಾರ ಮುಂದೂ ಆಣಿ ಮಾಡಿ ಹೇಳೀನಿ, ಕೋಲು ಅಂತ."

ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನಿಸಿತು. ಅವನು ಕೆಳಗೆ ನೀರನ್ನು ನೋಡುತ್ತ ನಿಂತಿದ್ದ. ಆಮೇಲೆ ನನ್ನ ತಲೆಯ ಮೇಲಿನ ಹಗುರಾದ ಬುಟ್ಟಿಯನ್ನು ತಾನೇ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡ.

"ನನಗ ಗೊತ್ತಾತು ಅಂತ ಅಪ್ಪಗ ಹೇಳಬ್ಯಾಡ" ಎಂದ.

ಮನೆಯ ಬಾಗಿಲಲ್ಲಿ ಅಪ್ಪ ಕಾಯುತ್ತಿದ್ದ. ಮಗನ ಮುಖ ನೋಡಲು ಧೈರ್ಯವಿಲ್ಲದೆ ನನ್ನನ್ನು ನೋಡಿ, ಏನಾಯಿತು ಎಂದು ಕಣ್ಣಲ್ಲೇ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ರಿಫಾಯಿ, "ಯಾವುದೋ ಒಂದ ಬಂದೂಕ, ಯಪ್ಪಾ. ಕೊಟ್ಟ ಬಂದ್ವಿ" ಎಂದು ಹೇಳಿ ಕತ್ತೆಗೆ ಹುಲ್ಲು ಹಾಕಲು ಹೋದ.

ನಾನು ಅಪ್ಪನಿಗೆ ಹೇಳಿಲ್ಲ, ಮಾವ. ನೀವೂ ಹೇಳಬೇಡಿ.

ಸನಿಯ್ಯಾ